ಒತ್ತಿದ ಮಣ್ಣು

ಒಂದು ಬೆನ್ನು. ಎಡ ಹೆಗಲಿನ ಹಿಂದೆ ಕೆಮ್ಮಣ್ಣು ರೊಟ್ಟಿಯಂತೆ ದಪ್ಪಗೆ ಮೆತ್ತಿಕೊಂಡಿದೆ. ಬಲ ಹೆಗಲಿನ ಹಿಂದೆ ಅಂಗೈ ಅಗಲದಷ್ಟು ಜಾಗದಲ್ಲಿ ಬರೀ ಬೆವರು ಹೊಳೆಯುತ್ತಿದೆ. ಇಪ್ಪತ್ತೆರಡು ವರ್ಷಗಳಾದರೂ ಆ ಅಂಗೈ ಅಗಲದ ಜಾಗ ನನ್ನನ್ನು ಬಿಟ್ಟಿಲ್ಲ.

ನಾನು ಮುಂಗೋಪಿ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ನೇರವಾಗಿಯೇ ಹೇಳುತ್ತೇನೆ.

ನಮ್ಮ ಊರಿನ ಕುಸ್ತಿ ಒಂಬತ್ತು ದಿನ ನಡೆಯುತ್ತಿತ್ತು. ದಿನಕ್ಕೊಂದು ಜೊತೆಯಂತೆ ಒಬ್ಬೊಬ್ಬ ಪೈಲ್ವಾನನಿಗೆ ಒಂಬತ್ತು ಕುಸ್ತಿ. ಸೆಣಸುವ ಮಣ್ಣಿನ ಅಂಕಣಕ್ಕೆ ಮಟ್ಟಿ ಎನ್ನುತ್ತಿದ್ದೆವು. ಅಂಥವು ಎರಡಿದ್ದವು. ದೊಡ್ಡ ಮಟ್ಟಿಗೆ ಚಪ್ಪರ, ತಮಟೆ, ಸಾವಿರಾರು ಜನ. ಸಂತೆಮಾಳದ ಆಚೆಯ ಚಿಕ್ಕ ಮಟ್ಟಿಗೆ ಬರೀ ಬಿಸಿಲು. ದೊಡ್ಡ ಮಟ್ಟಿಯಲ್ಲಿ ಐದು ಗೆದ್ದವನು ಮರುವರ್ಷವೂ ಅಲ್ಲೇ ಉಳಿಯುತ್ತಿದ್ದ. ಐದಕ್ಕೆ ಒಂದು ಕಡಿಮೆಯಾದರೂ ಚಿಕ್ಕ ಮಟ್ಟಿಗೆ ಇಳಿಯಬೇಕು. ಅಲ್ಲಿಂದ ಮತ್ತೆ ಮೇಲೆ ಬರಬೇಕಾದರೆ ಒಂಬತ್ತಕ್ಕೆ ಒಂಬತ್ತೂ ಗೆಲ್ಲಬೇಕು. ಹಾಗೆ ಬಂದವರನ್ನು ನಾನು ಕಂಡಿರಲಿಲ್ಲ.

ಆ ವರ್ಷ ಎಂಟನೆಯ ದಿನದ ಸಂಜೆಗೆ ನನ್ನದು ನಾಲ್ಕು ಗೆಲುವು, ನಾಲ್ಕು ಸೋಲು. ಚೌಡಪ್ಪನದೂ ಅಷ್ಟೇ. ಹಿರಿಯರು ಕೊನೆಯ ದಿನಕ್ಕೆ ನಮ್ಮಿಬ್ಬರನ್ನೇ ಜೊತೆ ಮಾಡಿದರು.

ಚೌಡಪ್ಪ ಅಕ್ಕಿ ಗಿರಣಿಯ ಹಮಾಲಿ. ಹದಿನೇಳು ವರ್ಷ ದೊಡ್ಡ ಮಟ್ಟಿ ಬಿಟ್ಟು ಇಳಿದವನಲ್ಲ. ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಕಿವಿಗಳೆರಡೂ ಒಣಗಿದ ಅಣಬೆಯಂತೆ ಮುದುಡಿಹೋಗಿದ್ದವು. ನಾನು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ.

ಕೊನೆಯ ದಿನ ಬೆಳಗಿನಿಂದಲೇ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗರಡಿಯ ಬಾಗಿಲಲ್ಲಿ ಹಾಲಿನ ನಿಂಗಯ್ಯ ಹಲ್ಲು ಕಿರಿದ: "ಏನ್ಲಾ, ಬರೋ ವರ್ಷದಿಂದ ನಿಂಗೆ ಚಿಕ್ಕ ಮಟ್ಟಿಗೇ ಹಾಲು ತರ್ಬೇಕಾ? ದೂರ ಆಯ್ತದೆ ಕಣಪ್ಪ." ಅವನ ಕ್ಯಾನನ್ನು ಒದ್ದೆ. ಹಾಲು ಚೆಲ್ಲಿತು. ಉಸ್ತಾದ್ ದಸ್ತಗೀರ್ ಸಾಬರು ಬಂದು ನನ್ನ ಕತ್ತಿನ ಹಿಂಭಾಗ ಹಿಡಿದು ಒಳಗೆ ಎಳೆದುಕೊಂಡು ಹೋದರು.

"ಸಿಟ್ಟು ಹಾಲಿನ ಮ್ಯಾಲೆ ತೀರ್ಸ್ಕೊಂಡ್ರೆ ಮಟ್ಟೀಲಿ ಏನು ಮಾಡ್ತೀಯ, ಅಳ್ತೀಯ?" ಎಂದರು. "ಗೆದ್ರೆ ಏನು ಮಾಡ್ಬೇಕು, ನೆನಪಿದೆಯಾ?"

"ಬೆನ್ನು ಒರೆಸ್ಬೇಕು."

"ಯಾಕೆ?"

ಗೊತ್ತಿತ್ತು. ಗರಡಿಗೆ ಸೇರಿದ ಮೊದಲ ದಿನವೇ ಅವರು ಹೇಳಿಕೊಟ್ಟಿದ್ದರು. ನಮ್ಮಲ್ಲಿ ಮಣ್ಣನ್ನು ಎದೆಗೆ, ತೋಳಿಗೆ, ತೊಡೆಗೆ ಹಚ್ಚಿಕೊಳ್ಳುತ್ತಿದ್ದೆವು. ಬೆನ್ನಿಗೆ ಹಚ್ಚುವಂತಿಲ್ಲ. ಎರಡು ಹೆಗಲೂ ಒಟ್ಟಿಗೆ ನೆಲ ಮುಟ್ಟಿದರೆ ಮಾತ್ರ ಸೋಲು. ತೀರ್ಪುಗಾರನಿಗೆ ಇರುವುದು ಎರಡೇ ಕಣ್ಣು, ಅವನು ನಿಲ್ಲುವುದು ಒಂದೇ ಕಡೆ. ಆದ್ದರಿಂದ ಗೆದ್ದವನು ಸೋತವನ ಬೆನ್ನು ಒರೆಸುವಾಗ ಎರಡೂ ಹೆಗಲು ನೋಡಬೇಕು. ಒಂದು ಕಡೆ ಮಣ್ಣಿಲ್ಲದಿದ್ದರೆ ತಾನೇ ಕೈ ಎತ್ತಿ ಇಲ್ಲ ಎನ್ನಬೇಕು. ಆಗ ಮತ್ತೆ ಕುಸ್ತಿ. ಸೋತವನು ಬಾಯಿ ತೆರೆಯುವಂತಿಲ್ಲ. ಜನ ಇದನ್ನೆಲ್ಲ ಮರೆತಿದ್ದರು. ಒರೆಸುವುದು ಬರೀ ಮರ್ಯಾದೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

"ನೋಡೋದಿಕ್ಕೆ," ಎಂದೆ.

"ಹಾಂ. ನೋಡೋದಿಕ್ಕೆ," ಎಂದು ಉಸ್ತಾದರು ಕತ್ತು ಬಿಟ್ಟರು.

ಮಟ್ಟಿಯಲ್ಲಿ ಕೈ ಕುಲುಕುವಾಗ ಚೌಡಣ್ಣ ಮೆಲ್ಲಗೆ ಕೇಳಿದ: "ಉಂಡ್ಯಾ?"

"ಇಲ್ಲ."

"ನಾನೂ ಇಲ್ಲ. ಹೊಟ್ಟೆಗೆ ಇಳೀನಿಲ್ಲ ಕಣ್ಲಾ." ನಕ್ಕ. ಆ ನಗುವಿಗೆ ನನಗೆ ಇನ್ನಷ್ಟು ಸಿಟ್ಟು ಬಂತು.

ಅರ್ಧ ಗಂಟೆ ಸೆಣಸಿದೆವು. ಅವನು ನನ್ನನ್ನು ಎರಡು ಸಲ ಮಂಡಿಗೆ ತಂದ. ಅವನು ಬೋರಲಾಗಿ ಮಲಗಿಬಿಟ್ಟರೆ ಆ ಶರೀರವನ್ನು ಮಗುಚುವುದು ಬೇರುಬಿಟ್ಟ ಬಂಡೆಯನ್ನು ಮಗುಚಿದ ಹಾಗೆ. ಕೊನೆಗೆ ಅವನ ಉಸಿರು ಸಿಕ್ಕಿಕೊಂಡಿತು. ಎಡಗಾಲು ನಡುಗಿದ್ದನ್ನು ನೋಡಿದೆ. ಆ ಕಾಲಿಗೇ ನುಗ್ಗಿ, ಸೊಂಟ ಹಿಡಿದು ಮಗುಚಿದೆ. ಎಡ ಹೆಗಲು ತೀರ್ಪುಗಾರ ನಿಂತಿದ್ದ ಕಡೆಗೇ ಬರುವಂತೆ ಅವನು ಬಿದ್ದ. ಚಿತ್ ಎಂದು ತೀರ್ಪುಗಾರ ನೆಲ ಬಡಿದ. ತಮಟೆ ಎದ್ದಿತು. ಟೋಪಿಗಳು, ಟವಲುಗಳು ಹಾರಿದವು.

ಚೌಡಣ್ಣ ಎದ್ದು, ಪದ್ಧತಿಯಂತೆ ನನಗೆ ಬೆನ್ನು ಮಾಡಿ ನಿಂತ. ನಾನು ಒರೆಸಲು ಕೈ ಚಾಚಿದೆ.

ಉಜ್ಜಿದ ಮಣ್ಣು ಬೇರೆ, ಒತ್ತಿದ ಮಣ್ಣು ಬೇರೆ. ನನ್ನ ಬೆರಳು ಜಾರಿದ ತೆಳು ಗೆರೆಗಳು ಬೆನ್ನ ತುಂಬ ಇದ್ದವು. ಎಡ ಹೆಗಲ ಮೇಲೆ ಒತ್ತಿದ ಮಣ್ಣು ಇತ್ತು. ಬಲ ಹೆಗಲ ಮೇಲೆ ಇರಲಿಲ್ಲ. ಅಂಗೈ ಅಗಲದಷ್ಟು ಜಾಗ ತೊಳೆದಿಟ್ಟ ತಟ್ಟೆಯಂತಿತ್ತು.

ನಾನು ಕೈ ಎತ್ತಲಿಲ್ಲ. ನನ್ನ ಬಲ ಅಂಗೈ ತುಂಬ ಕೆಮ್ಮಣ್ಣಿತ್ತು. ಅದನ್ನು ಆ ಖಾಲಿ ಜಾಗದ ಮೇಲಿಟ್ಟು ಒತ್ತಿ ಎಳೆದೆ.

ಅವನ ಬೆನ್ನಿನ ಸ್ನಾಯುಗಳು ಒಮ್ಮೆ ಬಿಗಿದವು. ತಲೆ ತಿರುಗಿಸದೆಯೇ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ಒರೆಸ್ತಾ ಇದೀಯೋ, ಬಳೀತಾ ಇದೀಯೋ?"

ಜನ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು.

ಆಮೇಲಿನ ತಿಂಗಳುಗಳಲ್ಲಿ ನಾನು ಯಾರ ಜೊತೆ ಜಗಳ ಆಡಲಿಲ್ಲ ಎಂದು ಕೇಳಿ. ಕ್ಷೌರದವನ ಜೊತೆ, ತಮ್ಮನ ಜೊತೆ, ಹೊಸ ಚಪ್ಪಲಿಯ ಜೊತೆ ಕೂಡ. ಊಟದ ನಡುವೆ ಎದ್ದು ಹೋಗಿ ಕೈ ತೊಳೆಯುತ್ತಿದ್ದೆ. ಒಂದು ದಿನ ತಡೆಯಲಾಗದೆ ಗಿರಣಿಗೆ ಹೋದೆ. ಚೌಡಣ್ಣ ಬೆನ್ನ ಮೇಲೆ ಮೂಟೆ ಹೊತ್ತು ಹಲಗೆ ಏರುತ್ತಿದ್ದ.

"ಅಣ್ಣ, ಅವತ್ತು—"

"ಮೂಟೆ ಇಳಿಸ್ಲಾ?"

ಇಳಿಸಿ ಬಂದ. ಮುಖದ ಮೇಲೆಲ್ಲ ತೌಡು.

"ಅವತ್ತು ನಿನ್ನ ಬಲ ಹೆಗಲು..."

"ನನ್ ಹೆಗಲು ನಂಗೊತ್ತಿಲ್ವೇನ್ಲಾ? ಅದನ್ನ ನಂಗೇ ಹೇಳಾಕೆ ಬಂದಿದ್ದೀಯ?" ಅವನ ದನಿ ಏರಲಿಲ್ಲ. "ಇಲ್ಲಿ ಹೇಳ್ಬ್ಯಾಡ. ಇಲ್ಲಿ ಹೇಳಿದ್ರೆ ನಿಂಗೆ ನಿದ್ದೆ ಬತ್ತದೆ, ಅಷ್ಟೇಯ. ಹೇಳೋದಾದ್ರೆ ಮಟ್ಟೀಲಿ ಹೇಳು."

ಇನ್ನೊಂದು ಮೂಟೆಗೆ ಬೆನ್ನು ಕೊಟ್ಟ. ನಾನು ಸಿಟ್ಟಿನಿಂದ ಹಿಂತಿರುಗಿದೆ. ಯಾರ ಮೇಲಿನ ಸಿಟ್ಟು ಎಂದು ಆಗ ಕೇಳಿದ್ದರೆ ಅವನ ಮೇಲೆ ಎನ್ನುತ್ತಿದ್ದೆ.

ಮರುವರ್ಷದ ಕುಸ್ತಿ ಬಂತು. ಗೆದ್ದಾಗಲೆಲ್ಲ ನಾನು ಸೋತವರ ಬೆನ್ನನ್ನು ಎಷ್ಟು ಹೊತ್ತು ನೋಡುತ್ತಿದ್ದೆನೆಂದರೆ ಜನ ಕೂಗುತ್ತಿದ್ದರು: "ಏನಪ್ಪಾ, ಪಂಚಾಂಗ ಓದ್ತಿದ್ದೀಯಾ?" ಎಂಟು ದಿನ ಮುಗಿದಾಗ ಮತ್ತೆ ನಾಲ್ಕು ಗೆಲುವು, ನಾಲ್ಕು ಸೋಲು. ಅದೇ ಹೊತ್ತಿಗೆ ಚಿಕ್ಕ ಮಟ್ಟಿಯಿಂದ ಸುದ್ದಿ ಬಂತು. ಚೌಡಪ್ಪ ಎಂಟಕ್ಕೆ ಎಂಟೂ ಗೆದ್ದಿದ್ದಾನೆ. ಇನ್ನೊಂದು ಗೆದ್ದರೆ ಮೇಲೆ ಬರುತ್ತಾನೆ.

ಕೊನೆಯ ದಿನ ನನ್ನ ಸರದಿಗೆ ಇನ್ನೂ ಸಮಯವಿತ್ತು. ಲಂಗೋಟಿಯ ಮೇಲೊಂದು ಪಂಚೆ ಸುತ್ತಿಕೊಂಡು ಸಂತೆಮಾಳ ದಾಟಿದೆ. ಅವನು ಗೆಲ್ಲುವುದನ್ನು ನೋಡಬೇಕಿತ್ತು. ಅವನು ಗೆದ್ದರೆ ನಾನು ಹೇಳುವುದೇನೂ ಉಳಿಯುವುದಿಲ್ಲ ಎಂಬ ಲೆಕ್ಕ ನನ್ನದು.

ಐವತ್ತು ಜನವೂ ಇರಲಿಲ್ಲ. ಎದುರಾಳಿ ಸುಣ್ಣದ ಭಟ್ಟಿಯ ಗಟ್ಟಿ ಆಳು. ಚೌಡಣ್ಣ ಅವನನ್ನು ಆರೇ ನಿಮಿಷದಲ್ಲಿ ಕೆಡವಿದ. ತೀರ್ಪುಗಾರ ನೆಲ ಬಡಿದ. ನನ್ನ ಎದೆಯಿಂದ ಒಂದು ಮೂಟೆ ಇಳಿಯಿತು.

ಚೌಡಣ್ಣ ಒರೆಸಲು ಬಾಗಿದ. ಎಡ ಹೆಗಲು ನೋಡಿದ. ಬಲ ಹೆಗಲು ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಬಲಗೈಯನ್ನು ಬಿಸಿಲಿಗೆ ಎತ್ತಿ ಹಿಡಿದ.

"ಇಲ್ಲ," ಎಂದ. "ಬಲಗಡೆ ತಾಕಿಲ್ಲ."

ಎಂಥ ಹುಚ್ಚ ಎಂದು ಯಾರೋ ನಕ್ಕರು. ತೀರ್ಪುಗಾರನಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಗೆದ್ದವನು ಹಾಗೆ ಕೈ ಎತ್ತಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಕುಸ್ತಿ ಮತ್ತೆ ಶುರುವಾಯಿತು. ಚೌಡಣ್ಣನ ಎಡಗಾಲು ನಡುಗುತ್ತಿದ್ದುದು ಮಟ್ಟಿಯ ಅಂಚಿನಲ್ಲಿ ನಿಂತಿದ್ದ ನನಗೆ ಕಂಡಿತು. ಭಟ್ಟಿಯವನಿಗೂ ಕಂಡಿತು. ಈ ಸಲ ಚೌಡಣ್ಣ ಬಿದ್ದ ಸದ್ದು ಹಿಟ್ಟಿನ ಮೂಟೆ ಬಿದ್ದಂತಿತ್ತು. ಎರಡು ಹೆಗಲೂ ನೆಲಕ್ಕೆ ಒತ್ತಿದ್ದವು. ಅನುಮಾನಕ್ಕೆ ಜಾಗವಿರಲಿಲ್ಲ.

ದೊಡ್ಡ ಮಟ್ಟಿಯ ಕಡೆಯಿಂದ ತಮಟೆ ಕೇಳಿತು. ಪೈಲ್ವಾನನನ್ನು ಮೂರು ಸಲ ಕರೆಯುತ್ತಾರೆ. ಬರದಿದ್ದರೆ ಸೋತಂತೆ. ಮೊದಲ ಸಲ ನನ್ನ ಹೆಸರು ಕೂಗಿದರು.

ಭಟ್ಟಿಯವನು ಒರೆಸಲು ಬರುವ ಮೊದಲೇ ನಾನು ಮಟ್ಟಿಗೆ ಹಾರಿದ್ದೆ.

"ಕೇಳ್ರಪ್ಪಾ!" ಎಂದು ಕಿರುಚಿದೆ. "ಹೋದ ವರ್ಷ ಈ ಮನುಷ್ಯ ಸೋತಿಲ್ಲ! ಬಲ ಹೆಗಲು ತಾಕಿರಲಿಲ್ಲ! ನಾನು ನೋಡ್ದೆ! ನೋಡಿ ಮಣ್ಣು ಬಳ್ದೆ!"

ಎರಡನೆಯ ಕೂಗು ಬಂತು. ತಮಟೆಯ ಅಬ್ಬರದಲ್ಲಿ ನನ್ನ ಮಾತು ಎಷ್ಟು ಜನಕ್ಕೆ ಕೇಳಿತೋ. ಒಬ್ಬ ಮುದುಕ ಕಿವಿಗೆ ಕೈ ಇಟ್ಟು, "ಏನಂತೆ?" ಎಂದು ಪಕ್ಕದವನನ್ನು ಕೇಳಿದ. ಪಕ್ಕದವನು ಬೀಡಿ ಬಾಯಿಂದ ತೆಗೆದು, "ಹೋದ ವರ್ಷದ್ದಂತೆ," ಎಂದ.

ಚೌಡಣ್ಣ ಏದುಸಿರು ಬಿಡುತ್ತ ನನ್ನನ್ನು ನೋಡಿದ. "ನಿನ್ ಹೆಸ್ರು ಕೂಗ್ತಾವ್ರೆ," ಎಂದ.

"ಕೂಗ್ಲಿ."

ಮೂರನೆಯ ಕೂಗೂ ಆಯಿತು. ತಮಟೆ ನಿಂತಿತು.

ಅವನು ನಿಧಾನಕ್ಕೆ ತಿರುಗಿ ನನ್ನ ಕಡೆ ಬೆನ್ನು ಮಾಡಿ ನಿಂತ. "ಹಂಗಾದ್ರೆ ಒರೆಸು ಕಣ್ಲಾ," ಎಂದ.

ನಾನು ಬಲ ಹೆಗಲಿನಿಂದ ಶುರುಮಾಡಿದೆ. ಮಣ್ಣು ಹೆಂಟೆಹೆಂಟೆಯಾಗಿ, ಅವನ ಬೆವರಿನ ಬಿಸಿಯ ಸಮೇತ, ನನ್ನ ಅಂಗೈಗೆ ಬಂತು.