ಬ್ರೇಕಿನ ಮೇಲಿನ ಕಾಲು

ಬಾನೆಟ್ಟಿನ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಬಂದು ಕೂತಿದೆ, ಕೂತುಕೊಳ್ಳಲಿ, ಬೇಡ, ಎದ್ದು ಹೋಗಲಿ, ಅದರ ಭಾರಕ್ಕೂ ಈ ಜೀಪು ಹಿಂದಕ್ಕೆ ಜಾರಿಬಿಡುತ್ತದೇನೋ ಅನ್ನಿಸುತ್ತಿದೆ, ಎಂಥ ಹುಚ್ಚು, ಅದು ಕೂತಿರುವುದು ಮುಂದೆ, ಮುಂದೆ ಭಾರ ಬಿದ್ದರೆ ಒಳ್ಳೆಯದೇ ಅಲ್ಲವಾ, ಕೂತುಕೋ ತಾಯಿ, ನಿನ್ನ ಬಳಗವನ್ನೆಲ್ಲ ಕರೆತಂದು ಕೂತುಕೋ — ಬಲಗಾಲು ಬ್ರೇಕಿನ ಮೇಲಿದೆ, ಇದೆ, ಇದೆ ವಾಣಿಶ್ರೀ, ತೆಗೆಯಬೇಡ, ಮಂಡಿಯಿಂದ ಕೆಳಗೆ ಅದು ನನ್ನ ಕಾಲೇ ಅಲ್ಲ ಅನ್ನುವ ಹಾಗೆ ಆಗಿದ್ದರೂ ಅಲ್ಲೇ ಇರಲಿ, ತೆಗೆದರೆ ಜೀಪು ಹಿಂದೆ ಹೋಗುತ್ತದೆ, ಹಿಂದೆ ರವಿ ಇದ್ದಾನೆ. ಹಿಂದಿನ ಬಂಪರಿಗೂ ಗಣಿಯವರು ನೆಟ್ಟುಹೋದ ಆ ಹಾಳು ಕಲ್ಲುಕಂಬಕ್ಕೂ ನಡುವೆ ನನ್ನ ತಮ್ಮ ರವೀಶನ ತೊಡೆ ಸಿಕ್ಕಿಕೊಂಡಿದೆ. ಕನ್ನಡಿಯಲ್ಲಿ ಅವನ ಮುಖ ಕಾಣುವುದಿಲ್ಲ, ಒಂದು ಕೈ ಮಾತ್ರ ಕಾಣುತ್ತದೆ, ಕಂಬದ ತಲೆ ಹಿಡಿದ ಕೈ, ಅದಿರಿನ ಧೂಳು ಮೆತ್ತಿ ಕೆಂಪಾದ ಕೈ, ಬೆರಳುಗಳು ಕಂಬದ ಮೇಲೆ ತಬಲಾ ಬಾರಿಸುತ್ತಿವೆ. ಅಕ್ಕಾ, ಕಾಲ್ ಬಿಟ್ಟೀಯ ಮತ್ತೆ. ಬಿಡಲ್ಲ ಕಣೋ. ಬಿಟ್ರೆ ನನ್ ಹೆಂಡ್ರು ನಿನ್ನ ಸುಮ್ನೆ ಬುಡಲ್ಲ. ಗೊತ್ತು ಕಣೋ, ಮಾತಾಡ್ಬೇಡ, ಉಸಿರು ಉಳಿಸ್ಕೋ. ಮಾತಾಡ್ದೇ ಇದ್ರೆ ನೀನು ಅಳ್ತೀಯ, ಅತ್ರೆ ಕಾಲು ಸಡ್ಲ ಆಗುತ್ತೆ, ಅದ್ಕೇ ಮಾತಾಡ್ತಿದೀನಿ. ಅಯ್ಯೋ ನನ್ನಪ್ಪ, ಸಿಕ್ಕಿಕೊಂಡವನು ಅವನು, ಸಮಾಧಾನ ನನಗೆ.

ಅವನ ಹೆಂಡತಿ ಅಕ್ಷತಾ ಎಷ್ಟು ದೂರ ಹೋಗಿರಬಹುದು, ಕೆಳಗಿನ ಹಟ್ಟಿ ಮುಟ್ಟಿದಳೋ ಇಲ್ಲವೋ, ಹೋಗುವ ಮುಂಚೆ ಕೈಗೆ ಸಿಕ್ಕ ಕಲ್ಲನ್ನೆಲ್ಲ ಗಾಲಿಯ ಹಿಂದೆ ಒಟ್ಟಿದಳು ಪಾಪ, ಅದಿರಿನ ನುಚ್ಚಿನ ಮೇಲೆ ಅವು ಗೋಲಿಗಳ ಹಾಗೆ ಉರುಳಿ ಹೋದವು, ದೊಡ್ಡ ಕಲ್ಲು ಅವಳ ಕೈಲಿ ಅಲುಗಲಿಲ್ಲ, ಫೋನು ಎತ್ತಿ ಎತ್ತಿ ಆಕಾಶಕ್ಕೆ ತೋರಿಸಿದಳು, ಸಿಗ್ನಲ್ಲಿನ ಒಂದು ಕಡ್ಡಿಯೂ ಸಿಗಲಿಲ್ಲ, ಅತ್ತಿಗೆ ಜನ ಕರ್ಕೊಂಡು ಬರ್ತೀನಿ, ದಮ್ಮಯ್ಯ ಅತ್ತಿಗೆ ಕಾಲು ತೆಗೀಬೇಡಿ — ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು, ಲಾರಿಗಳು ಕೊರೆದ ಆ ತಿರುವುಗಳಲ್ಲಿ ಒಂದು ಸಲ ಕಂಡಳು, ಕೆಳಗೆ ಇನ್ನೊಂದು ಸಲ ಕಂಡಳು, ಆಮೇಲೆ ಇಲ್ಲ. ಗುಬ್ಬಿ ಸಂತೆಯ ದಿನವಂತೆ ಇವತ್ತು, ಹಟ್ಟಿಯಲ್ಲಿ ಗಂಡಸರಿದ್ದಾರೋ ಎಲ್ಲ ಕಾಯಿ ಮಾರಲು ಹೋಗಿದ್ದಾರೋ, ಹೆಂಗಸರಾದರೂ ಬರಲಿ, ಕುರಿ ಕಾಯುವವರಾದರೂ ಬರಲಿ, ಬರಲಿ ಯಾರಾದರೂ. ಬೆಳಿಗ್ಗೆ ಕೊತ್ತಗೆರೆಯಿಂದ ಅವ್ವ ಫೋನು ಮಾಡಿದ್ದಳು, ಇನ್ನೂ ಸುತ್ತಾಡೋ ಚಟ ಬಿಟ್ಟಿಲ್ವ ನಿಮ್ಗೆ, ಆ ಗುಡ್ಡದಾಗೆ ಏನೈತೆ, ಬಂಗಾರ ಐತಾ? ಕಬ್ಬಿಣ ಇತ್ತು ಕಣವ್ವ, ಅದನ್ನೂ ಹೊತ್ಕೊಂಡು ಹೋದ್ರು. ಮತ್ತೆ ನೀವೇನ್ ತರಕ್ ಹೋಗ್ತೀರಿ, ಧೂಳಾ? ಹೌದು ಕಣವ್ವ, ಧೂಳು. ರವಿಗೆ ಈ ಹಳೆಯ ಗಣಿ ಕ್ಯಾಂಪುಗಳ ಹುಚ್ಚು, ತುಮಕೂರಿನ ಪೇಟೆ ಜನರನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದು ಇದು ಕ್ಯಾಂಟೀನು ಸಾರ್, ಇದು ಮೇನೇಜರ್ ಬಂಗಲೆ ಸಾರ್, ಇಲ್ಲಿ ಲಾರಿ ಸಾಲು ನಿಲ್ತಿತ್ತು ಸಾರ್ ಅಂತ ತೋರಿಸುವುದು, ತನ್ನ ಮನೆ ತೋರಿಸುವ ಹಾಗೆ. ಈ ಗುಡ್ಡದ ದಾರಿ ಹೊಸದು, ಜನರನ್ನು ತರುವ ಮುಂಚೆ ನಾವೇ ಒಮ್ಮೆ ನೋಡಿಬರೋಣ ಬಾ ಅಕ್ಕ ಅಂದ. ಬಂದೆ. ಸಂತೋಷವಾಗಿಯೇ ಬಂದೆ. ಸೂರಿಲ್ಲದ ಸಾಲುಮನೆಗಳು, ಬಾಗಿಲು ಕಿತ್ತಿದ್ದಾರೆ, ಕಿಟಕಿ ಕಿತ್ತಿದ್ದಾರೆ, ಒಂದೊಂದು ಮನೆಯ ಮೂಲೆಯಲ್ಲೂ ಒಂದೊಂದು ಒರಳುಕಲ್ಲು, ಒಳಗೆ ಕೆಂಪು ನೀರು ನಿಂತಿದೆ, ಹೊರಲಾರದ್ದನ್ನು ಬಿಟ್ಟು ಹೋಗಿದ್ದಾರೆ ನೋಡೇ ಅಕ್ಷತಾ ಅಂದೆ, ಎತ್ಕೊಂಡು ಹೋಗೋಣ ಅತ್ತಿಗೆ, ಮಿಕ್ಸಿ ಕೆಟ್ಟಿದೆ ಅಂದಳು, ಮೂವರೂ ನಕ್ಕೆವು. ನಕ್ಕಿದ್ದು ಇವತ್ತೇ, ಇದೇ ಬೆಳಿಗ್ಗೆ.

ಆಮೇಲೆ ಈ ಏರು, ನಾನೇ ಓಡಿಸ್ತೀನಿ ಅಂದೆ, ಅರ್ಧ ಹತ್ತಿ ಹಿಂದಿನ ಗಾಲಿ ಸುಮ್ಮನೆ ತಿರುಗತೊಡಗಿತು, ನುಚ್ಚು ಹಾರಿತು, ಜೀಪು ಜಾರಿ ಜಾರಿ ಆಫ್ ಆಯಿತು, ಗಾಲಿಗೆ ಕಲ್ಲು ಕೊಡ್ತೀನಿ ಇರಕ್ಕ ಅಂತ ಅವನು ಹಾರಿ ಹಿಂದೆ ಹೋದ, ನಾನು ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಕಾಲು ತೆಗೆದು — ತೆಗೆದೆ, ಇಳಿದು ನೋಡೋಣ ಅಂತ ತೆಗೆದೆ — ಹಿಂದಿನ ಗಾಲಿ ತಿರುಗದೆಯೇ ನುಚ್ಚಿನ ಮೇಲೆ ಸರ್ರನೆ ಜಾರಿ ಹೋಯಿತು, ಒಂದು ಮೊಳವೋ ಎರಡು ಮೊಳವೋ, ಅಕ್ಕಾ ಅಂದ, ಒತ್ತಿದೆ, ಆವಾಗಿನಿಂದ ಒತ್ತಿಯೇ ಇದ್ದೇನೆ. ಆದರೆ ಯಾಕೆ ತಿರುಗಿತು ಹಿಂದಿನ ಗಾಲಿ ಮಾತ್ರ, ಫೋರ್‌ವ್ಹೀಲಿನ ಲಿವರು ಹಾಕಿದೆನಲ್ಲ, ಇಗೋ ಹಾಕಿಯೇ ಇದೆಯಲ್ಲ, ಮುಂದಿನ ಗಾಲಿ ಎಳೆಯಲೇ ಇಲ್ಲ, ಯಾಕೆ ಎಳೆಯಲಿಲ್ಲ, ಹೊಸ ಟಯರು, ಇವತ್ತೇ ಪೂಜೆ ಮಾಡಿದ್ದು, ಗುಡ್ಡದ ಬುಡದಲ್ಲಿ ನಿಲ್ಲಿಸಿ, ನಿಂಬೆಹಣ್ಣು ಇಟ್ಟು, ನೀರಲ್ಲಿ ಕಲಸಿದ ವಿಭೂತಿಯನ್ನು ಮುಂದಿನ ಒಂದೊಂದು ಗಾಲಿಯ ನಟ್ಟನಡುವಿನ ಹಬ್ಬಿನ ಮೇಲೆ ಮೂರು ಬೆರಳಲ್ಲಿ ಎಳೆದೆ, ನಡುವೆ ಕುಂಕುಮ ಇಟ್ಟೆ, ರವಿ ಆ ಹಬ್ಬಿಗೆ ಕೈ ಹಾಕಲು ಬಂದ, ಏಟು ಹಾಕಿದೆ, ಮುಟ್ಬೇಡ್ವೋ, ಹಸಿ ಐತೆ, ಒಣಗ್ಲಿ, ಅಂದೆ. ಅಯ್ಯೋ. ಅಯ್ಯೋ ಶಿವನೇ. ಟಾರು ರಸ್ತೆಯಲ್ಲಿ ಆ ಹಬ್ಬು ಸಡಿಲ ಬಿಟ್ಟಿರಬೇಕು, ಗುಡ್ಡ ಹತ್ತುವ ಮುಂಚೆ ಇಳಿದು ಕೈಯಲ್ಲಿ ತಿರುಗಿಸಿ ಬಿಗಿ ಮಾಡಬೇಕು, ಆಗಲೇ ಮುಂದಿನ ಗಾಲಿ ಎಳೆಯುವುದು, ಅವನು ಅದಕ್ಕೇ ಕೈ ಹಾಕಿದ್ದು, ಒಣಗುವವರೆಗೆ ಕಾಫಿ ಕುಡಿದೆವು, ಕುಡಿದು ಮರೆತೆವು. ಲೋ ರವೀ, ಹಬ್ಬು ತಿರುಗಿಸ್ಲೇ ಇಲ್ಲ ಕಣೋ ನಾವು! ಕನ್ನಡಿಯಲ್ಲಿ ಬೆರಳು ನಿಂತವು. ನಗುತ್ತಿದ್ದಾನೆ, ಕೇಳಿಸುತ್ತಿದೆ, ನೋವಿನ ನಗು. ನೀನೇ ಮುಟ್ಬೇಡ ಅಂದ್ಯಲ್ಲಕ್ಕ. ನಾನೇ ಕಣೋ. ಬುಡು, ನಂಗೂ ನೆನಪಿರ್ಬೇಕಿತ್ತು, ಇಬ್ರೂ ಸೇರೇ ಕೆಡ್ಸಿದ್ದು. ಅಕ್ಷತಾ ಇದ್ದಾಗಲೇ ಹೊಳೆದಿದ್ದರೆ, ಎರಡು ತಿರುವು ತಿರುಗಿಸಲು ಎಷ್ಟು ಹೊತ್ತು, ಈಗ ಆ ಹಬ್ಬು ಇಲ್ಲೇ ಇದೆ, ಬಾಗಿಲಿನಾಚೆ, ಬಗ್ಗಿದರೆ ಮಡ್‌ಗಾರ್ಡು ಕಾಣುತ್ತದೆ, ಎಟುಕುವುದಿಲ್ಲ, ಕಾಲು ಇಲ್ಲಿಟ್ಟು ಕೈ ಅಲ್ಲಿಗೆ ಹೋಗುವುದಿಲ್ಲ, ಮನುಷ್ಯರನ್ನು ಇಷ್ಟು ಗಿಡ್ಡ ಯಾಕೆ ಮಾಡಿದೆ ದೇವರೇ.

ಅಕ್ಕ. ಹೇಳೋ. ನಿದ್ದೆ ಬರ್ತೈತೆ. ಬರಬಾರದು, ರವಿ, ನಿದ್ದೆ ಮಾಡ್ಬಾರ್ದು, ಏನಾದ್ರೂ ಹೇಳು, ಆ ಮೇನೇಜರ್ ಬಂಗಲೆ ಕಥೆ ಹೇಳು, ಸಾರ್ ಅನ್ನು, ನಾನೇ ಸಾರ್ ಅಂದ್ಕೋ, ಹೇಳು. ಇದು ಕ್ಯಾಂಟೀನು ಸಾರ್ — ಅಂದ, ನಿಂತ. ಆಮೇಲೆ? ಆಮೇಲೇನೋ? ಗಾಳಿ. ಎಲ್ಲೋ ಕುರಿಯ ಗಂಟೆ, ಅಥವಾ ನನ್ನ ಕಿವಿ. ಕಂಬದ ಮೇಲೆ ಕೈ ಇದೆ, ತಬಲಾ ಇಲ್ಲ, ಕೈ ಇದೆ. ಮತ್ತೆ ಇದೇನು, ಬ್ರೇಕು, ಬ್ರೇಕು ಇಳಿಯುತ್ತಿದೆ, ಇಲ್ಲ, ನನ್ನ ಕಾಲೇ ನಡುಗುತ್ತಿರುವುದು — ಅಲ್ಲ, ಇಳಿಯುತ್ತಿದೆ, ಆಗ ಮಂಡಿ ಇಲ್ಲಿತ್ತು, ಈಗ ಇಲ್ಲಿದೆ, ಎಲ್ಲೋ ಎಣ್ಣೆ ಸೋರುತ್ತಿದೆ, ಒಂದೊಂದು ಕೂದಲೆಳೆ ಕೆಳಗೆ ಹೋಗುತ್ತಿದೆ, ಬಿಟ್ಟು ಒತ್ತಿದರೆ ಗಟ್ಟಿಯಾಗುತ್ತದೆ, ಬಿಡುವುದು ಹೇಗೆ, ಬಿಟ್ಟರೆ ಅವನು, ಬಿಡದೆ ಇದ್ದರೆ ನೆಲ ಮುಟ್ಟುತ್ತದೆ, ಮುಟ್ಟಿದರೂ ಅವನು. ರವೀ! ಏನ್ಮಾಡ್ಲೋ! ಹೇಳೋ! ಅಕ್ಷತಾ, ಬಾರೇ, ಯಾರನ್ನಾದರೂ ಕರೆತಾರೇ. ದಾರಿಯಲ್ಲಿ ಧೂಳಿಲ್ಲ, ಯಾರೂ ಇಲ್ಲ. ಮಾರ್ಕೋನಹಳ್ಳಿ ಡ್ಯಾಮಿನ ಏರಿನಲ್ಲಿ ನನಗೆ ಡ್ರೈವಿಂಗ್ ಕಲಿಸುವಾಗ ಹಿಂದಿನ ಗಾಲಿಗೆ ತಾಗಿಸಿ ಸುಲಿದ ತೆಂಗಿನಕಾಯಿ ಇಡುತ್ತಿದ್ದ ಇವನು, ಕಾಯಿ ಒಡೀದೆ ಮುಂದಕ್ಕೆ ಎತ್ತಕ್ಕ ಅನ್ನುತ್ತಿದ್ದ, ಎಷ್ಟು ಕಾಯಿ ಒಡೆದೆ, ವಾರವೆಲ್ಲ ಮನೆಯಲ್ಲಿ ಚಟ್ನಿ, ಕ್ಲಚ್ಚು ಕಚ್ಚೋ ಜಾಗ ಐತಲ್ಲ, ಅಲ್ಲಿ ಗಾಡಿ ಮೂಗು ಎತ್ತುತ್ತೆ, ಎತ್ತೋವರ್ಗೂ ಬ್ರೇಕ್ ಬಿಡ್ಬೇಡ, ಎತ್ತಿದ್ಮೇಲೆ ಹೆದರ್ಬೇಡ, ನಿನ್ ಕಾಲು ದೊಡ್ಡಮ್ಮನ ಕಾಲಿದ್ದಂಗೆ, ಧಪ್ ಅಂತ ಇಡ್ತೀಯ, ಮೆತ್ಗೆ ಇಡು. ಮೆತ್ತಗೆ. ಎರಡೇ ಗಾಲಿ. ನುಚ್ಚು. ಆಗ ಧಪ್ ಅಂತ ಆಕ್ಸಿಲರೇಟರ್ ಕೊಟ್ಟಿದ್ದಕ್ಕೇ ಗಾಲಿ ಸುಮ್ಮನೆ ತಿರುಗಿದ್ದು, ಮೆತ್ತಗೆ ಕೊಟ್ಟರೆ ಕಚ್ಚೀತು, ಕಚ್ಚದಿದ್ದರೆ — ಕಚ್ಚದಿದ್ದರೆ ಅನ್ನಬೇಡ. ಪೆಡಲು ಇನ್ನೊಂದು ಕೂದಲೆಳೆ ಇಳಿಯಿತು.

ಕೀ. ಎಡಗಾಲು ಕ್ಲಚ್ಚು. ರವಿ ನಾನು ಎತ್ತುತ್ತಾ ಇದೀನಿ, ಕೇಳ್ತಾ ಇದೀಯ, ಎತ್ತುತ್ತಾ ಇದೀನಿ. ಇಂಜಿನ್ನು ಕೆಮ್ಮಿತು, ಕೆಮ್ಮಿತು, ಹಿಡಿಯಿತು, ಜೀಪೆಲ್ಲ ಗಡಗಡ, ಚಿಟ್ಟೆ ಹಾರಿತು, ಕ್ಲಚ್ಚು ಬಿಡು, ಇನ್ನೂ ಬಿಡು, ಮೂಗು ಎತ್ತುತ್ತಿದೆಯಾ, ಎತ್ತುತ್ತಿದೆ, ಹ್ಯಾಂಡ್‌ಬ್ರೇಕ್ ಇಳಿಸು, ಈಗ, ಈಗ ಬಲಗಾಲು, ಬರುವುದಿಲ್ಲ ಅನ್ನುತ್ತಿದೆ, ಅಂಟಿಕೊಂಡಿದೆ, ಬಾರೇ ಕಾಲೇ, ತೆಗೆದೆ — ಹಿಂದಕ್ಕೆ, ಇಲ್ಲ, ಹಿಂದಕ್ಕಾ, ಇಲ್ಲ, ಮೆತ್ತಗೆ, ಮೆತ್ತಗೆ, ಕರ್ರ್ ಅಂತ ನುಚ್ಚು, ಕಚ್ಚಿತು, ಮುಂದೆ, ಮುಂದೆ ಹೋಗುತ್ತಿದೆ, ಹೋಗುತ್ತಿದೆ ಕಣೋ, ಮೇಲೆ ಕಾಣುವ ಆ ಚಪ್ಪಟೆ ಜಾಗದವರೆಗೆ, ಅಲ್ಲಿಯವರೆಗೆ ನಿಲ್ಲಿಸಬೇಡ, ಬಂತು. ಬಂತು. ಬ್ರೇಕು. ಸಮನಾದ ನೆಲ, ಇಲ್ಲಿ ಯಾವುದೂ ಜಾರುವುದಿಲ್ಲ, ಕಾಲು ತೆಗೆಯಬಹುದು, ತೆಗೆಯುತ್ತಿಲ್ಲ, ಇಳಿಯಬೇಕು, ಓಡಬೇಕು, ರವೀ ಅನ್ನುತ್ತಿದ್ದೇನೆ, ಅನ್ನುತ್ತಲೇ ಇದ್ದೇನೆ, ಇಂಜಿನ್ ಸದ್ದಿನಲ್ಲಿ ನನಗೇ ಕೇಳಿಸುತ್ತಿಲ್ಲ, ಕುತ್ತಿಗೆ ಹಿಂದೆ ತಿರುಗುತ್ತಿಲ್ಲ, ಕನ್ನಡಿ ಇದೆ, ಕನ್ನಡಿಯಲ್ಲಿ ಕಂಬ ಚಿಕ್ಕದಾಗಿದೆ, ಕಂಬದ ಬುಡದಲ್ಲಿ ಅವನು, ಬಿದ್ದಿದ್ದಾನೋ ಕೂತಿದ್ದಾನೋ, ನೆಲವೂ ಕೆಂಪು ಅಂಗಿಯೂ ಕೆಂಪು, ಕೈ ಮಾತ್ರ ಕಾಣುತ್ತದೆ, ಮೇಲ್ಮುಖವಾಗಿ ಬಿಚ್ಚಿಕೊಂಡ ಕೈ, ಅಲುಗುತ್ತಿದೆ, ಅಲುಗುತ್ತಿದೆಯಲ್ಲ, ಬೆರಳು ಅಲುಗುತ್ತಿದೆ, ಕಂಬವೂ ಅಲುಗುತ್ತಿದೆ, ಗುಡ್ಡವೂ ಅಲುಗುತ್ತಿದೆ, ಇಂಜಿನ್ನಿಗೆ ಕನ್ನಡಿಯೇ ಗಡಗಡ ಅನ್ನುತ್ತಿದೆ, ಕೀ ತಿರುಗಿಸಿದರೆ ಇಂಜಿನ್ನು ನಿಲ್ಲುತ್ತದೆ, ಇಂಜಿನ್ನು ನಿಂತರೆ ಕನ್ನಡಿ ನಿಲ್ಲುತ್ತದೆ, ಕನ್ನಡಿ ನಿಂತರೆ — ಬೇಡ, ಇನ್ನೊಂದು ಗಳಿಗೆ, ಕೀಯ ಮೇಲೆ ಬೆರಳಿದೆ, ತಿರುಗಿಸುವುದಿಲ್ಲ, ಕನ್ನಡಿಯಲ್ಲಿ ಕೈ, ಅಲುಗುತ್ತಿದೆ, ಕೈ, ಅಲುಗುತ್ತಿದೆ, ಕೈ