ಅಗೆಯಬಾರದ ಹಿತ್ತಲಿಗೆ ಬಂದ ಗುದ್ದಲಿ

ನಾನು ಒಂದು ಗುದ್ದಲಿ. ಹುಟ್ಟಿದ್ದು ಶಿರಾದ ಒಂದು ಕುಲುಮೆಯಲ್ಲಿ, ಮುರಿದ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಕಮ್ಮಾರ ಮೌನೇಶಾಚಾರಿ ನನ್ನನ್ನು ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದಿದಾಗ ಚುಂಯ್ ಎಂದು ಕಿರುಚಿದ್ದೆ. "ಇದು ಬಂಡೆಗೂ ಬಗ್ಗಲ್ಲ ಕಣಯ್ಯ" ಎಂದ ಆತ. ಆ ಮಾತು ತಲೆಗೇರಿದ್ದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮೊದಲು ಸೇರಿದ್ದು ಒಬ್ಬ ಕಂಟ್ರಾಕ್ಟರನ ಕೈ. ಅಲ್ಲಿ ಬರೀ ಗುದ್ದಲಿ ಪೂಜೆ! ದೊಡ್ಡವರು ಯಾರೋ ಬಂದು, ಒಂದೇ ಒಂದು ಏಟು ಹಾಕಿ, ಫೋಟೊ ತೆಗೆಸಿಕೊಂಡು ಹೋಗೋರು. ಕೆಲಸ ಶುರುವಾಗದ ಜಾಗಗಳೇ ಹೆಚ್ಚು. ಬೇಸತ್ತಿದ್ದ ನನ್ನನ್ನು ಬಾವಿ ತೋಡುವ ಕರಿಬಸಪ್ಪ ಕೊಂಡುಕೊಂಡ. ಅಬ್ಬಾ, ಆಗ ಶುರುವಾಯಿತು ನೋಡಿ ನನ್ನ ಬಾಳು! ಅವನ ಜೊತೆ ಎಷ್ಟು ಬಾವಿ ಇಳಿದೆನೋ ಲೆಕ್ಕವಿಲ್ಲ.

ವಯಸ್ಸಾದ ಮೇಲೆ ಕರಿಬಸಪ್ಪ ತುಮಕೂರಿನಲ್ಲಿ ಮಗನ ಬಾಡಿಗೆ ಮನೆಗೆ ಬಂದ. ಬರುವಾಗ ಬಟ್ಟೆಗಂಟು ಮರೆತ, ನನ್ನನ್ನು ಮರೆಯಲಿಲ್ಲ.

ಆ ಮನೆಯ ಹಿತ್ತಲಲ್ಲಿ ಒಂದು ತುಂಡು ನೆಲ. ಕಲ್ಲಿನಂತೆ ಗಟ್ಟಿ, ತುಂಬ ಪಾರ್ಥೇನಿಯಂ ಕಳೆ. ಮನೆ ಓನರ್ ರುದ್ರಾಣಮ್ಮ ಅದಕ್ಕೆ ಸಿಮೆಂಟ್ ಹಾಕಿಸಲು ಹೊರಟಿದ್ದರು. ಕರಿಬಸಪ್ಪನ ಸೊಸೆ ಶಶಿರೇಖಾಗೆ ಆ ನೆಲವೆಂದರೆ ಪ್ರಾಣ. "ದಸರಾವರೆಗೆ ಬಿಡಿ ಅಮ್ಮ. ಅಷ್ಟರಲ್ಲಿ ಒಂದು ಬುಟ್ಟಿ ತರಕಾರಿ ಕೊಡದಿದ್ರೆ ನಿಮ್ಮಿಷ್ಟ" ಎಂದು ಗೋಗರೆದಳು. ಓನರಮ್ಮ ಒಪ್ಪಿದರು.

ಕರಿಬಸಪ್ಪ ನನ್ನನ್ನು ಮಸೆದು ತಂದ. ನಾನೂ ಹುರುಪಿನಿಂದ ಎದ್ದೆ. "ಬೇಡ ಮಾವ, ಅಗೆಯೋದೇ ಬೇಡ" ಅಂದಳು ಪುಣ್ಯಾತ್ಗಿತ್ತಿ!

ಅಗೆಯದೆ ಬೆಳೆಯೇ? ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಕಳೆಯನ್ನು ಬುಡಕ್ಕೆ ಕೊಯ್ದು, ಅದರ ಮೇಲೆ ಅಂಗಡಿಯ ರಟ್ಟಿನ ಡಬ್ಬಗಳನ್ನು ಬಿಚ್ಚಿ ಹಾಸಿ, ನೀರು ಚಿಮುಕಿಸಿದಳು. ಮೇಲೆ ಗೇಣುದ್ದ ಸಗಣಿ ಗೊಬ್ಬರ, ಅದರ ಮೇಲೆ ತರಗೆಲೆ.

"ನೆಲಕ್ಕೆ ಹಾಸಿಗೆ ಹಾಸ್ತಿದ್ದೀಯೇನಮ್ಮ?" ಎಂದ ಕರಿಬಸಪ್ಪ.

"ಕೆಳಗೆ ಬೆಳಕಿಲ್ದೆ ಕಳೆ ಸಾಯುತ್ತೆ ಮಾವ. ಅಗೆಯೋ ಕೆಲಸ ಎರೆಹುಳು ನೋಡ್ಕೊಳುತ್ತೆ."

ಹುಳು! ನನ್ನ ಕೆಲಸ ಒಂದು ಹುಳುವಿಗೆ! ಆದರೂ ಅವಳು ನೆಟ್ಟ ಬದನೆ, ಹುರುಳಿಕಾಯಿ ಗಿಡಗಳು ನಾಚಿಕೆಯಿಲ್ಲದೆ ಎದ್ದು ನಿಂತವು.

ಅಕ್ಕನ ಸೀಮಂತಕ್ಕೆಂದು ಶಶಿರೇಖಾ ಹದಿನೈದು ದಿನ ಊರಿಗೆ ಹೋದಳು. ಕರಿಬಸಪ್ಪನ ಕೈ ಸುಮ್ಮನಿರಬೇಕಲ್ಲ. "ಪಾಪ, ಮಗುಗೆ ಗೊತ್ತಿಲ್ಲ. ಬುಡ ಸಡಿಲ ಮಾಡಿಕೊಟ್ರೆ ಡಬ್ಬಲ್ ಬೆಳೆ" ಎಂದು ನನ್ನನ್ನೆತ್ತಿದ. ಸುಳ್ಳೇಕೆ, ನನಗೆ ಸ್ವರ್ಗವೇ ಸಿಕ್ಕಂತಾಯಿತು. ಸುಸ್ತಾಗಿ ಅವನು ನಿಲ್ಲಿಸುವ ಹೊತ್ತಿಗೆ ಪಾತಿಯ ಅರ್ಧ ಭಾಗ ತಲೆಕೆಳಗಾಗಿತ್ತು.

ಅವಳು ಬರುವಷ್ಟರಲ್ಲಿ ಅಗೆದ ಕಡೆಯ ಗಿಡಗಳು ಬೇರು ಕಡಿದು ಬಾಡಿದ್ದವು. ಹೂತಿದ್ದ ಕಳೆಬೀಜಗಳೆಲ್ಲ ಮೇಲೆ ಬಂದು ಪಾರ್ಥೇನಿಯಂ ಮತ್ತೆ ಚಿಗುರಿತ್ತು. ಶಶಿರೇಖಾ ನೋಡಿದಳು, ಒಳಗೆ ಹೋದಳು, ಮಾವನಿಗೆ ರೊಟ್ಟಿ ಬಡಿಸಿದಳು.

"ಬೈದುಬಿಡಮ್ಮ" ಎಂದ ಅವನು.

"ಬೈದ್ರೆ ಗಿಡ ಬರುತ್ತಾ ಮಾವ?" ಎಂದವಳೇ ಅತ್ತುಬಿಟ್ಟಳು.

ಮಾರನೇ ದಿನದಿಂದ ಕರಿಬಸಪ್ಪ ಅಂಗಡಿ ಅಂಗಡಿ ತಿರುಗಿ ರಟ್ಟು ಬೇಡಿ ತಂದ. ತಾನೇ ಮತ್ತೆ ಹಾಸಿದ, ಗೊಬ್ಬರ ಹೊತ್ತ. ಆದರೆ ಕಾಯಿ ಬಿಡಲು ಟೈಮೆಲ್ಲಿ ಉಳಿದಿತ್ತು?

ದಸರಾ ಬಂತು. ರುದ್ರಾಣಮ್ಮ ಮೇಸ್ತ್ರಿಯನ್ನು ಕರೆದುಕೊಂಡೇ ಬಂದರು. ಶಶಿರೇಖಾ ಬುಟ್ಟಿ ತಂದಿಟ್ಟಳು. ಎಳೆ ಬದನೆ, ಹೊಳೆಯುವ ಹುರುಳಿಕಾಯಿ, ಆದರೆ ಬುಟ್ಟಿಯ ಅರ್ಧಕ್ಕೇ ಮುಗಿದಿದ್ದವು.

"ಒಂದು ಬುಟ್ಟಿ ಅಂತ ನೀನೇ ಅಂದಿದ್ದೆ. ಮಾತು ಅಂದ್ರೆ ಮಾತು" ಎಂದರು ಓನರಮ್ಮ.

ಮೇಸ್ತ್ರಿ ಪಂಚೆ ಎತ್ತಿ ಕಟ್ಟಿದ. "ಗುದ್ದಲಿ ಇದ್ರೆ ಕೊಡಿ ಯಜಮಾನ್ರೇ, ಇದನ್ನೆಲ್ಲ ಕಿತ್ತು ಮಟ್ಟ ಮಾಡ್ತೀನಿ."

"ಗುದ್ದಲಿನಾ? ಈ ಮನೇಲಿ ಗುದ್ದಲಿನೇ ಇಲ್ಲಪ್ಪ" ಎಂದ ಕರಿಬಸಪ್ಪ.

ನಾನೋ, ಅವನ ಬೆನ್ನ ಹಿಂದೆ, ಅವನ ಕೈಯಲ್ಲೇ ಇದ್ದೆ! ನನ್ನ ಮರದ ಕಾವು ಅವನ ಹೆಗಲ ಮೇಲಿಂದ ಇಣುಕುತ್ತಿತ್ತು.

"ಆ ಬುಟ್ಟಿ ಅರ್ಧ ಖಾಲಿ ಇರೋದು ನನ್ನಿಂದ ತಾಯಿ" ಎಂದ. "ಅವಳ ತಪ್ಪಿಲ್ಲ. ನಾನು ಅಗೆದು ಹಾಳು ಮಾಡ್ದೆ."

ರುದ್ರಾಣಮ್ಮ ಕಾವು ನೋಡಿದರು, ಮುದುಕನ ಮುಖ ನೋಡಿದರು, ಕಿಸಕ್ಕನೆ ನಕ್ಕರು. "ಗುದ್ದಲಿ ಇಲ್ಲದ ಮೇಲೆ ಕೆಲಸ ಹೇಗಾಗುತ್ತೆ? ನಡೀ ಮೇಸ್ತ್ರಿ" ಎಂದು ಬದನೆಕಾಯಿಗಳನ್ನು ಸೆರಗಿಗೆ ಹಾಕಿಕೊಂಡು ಹೊರಟರು. ಶಶಿರೇಖಾ ಅಳುತ್ತಲೇ ನಗುತ್ತಿದ್ದಳು.

ಈಗ ನಾನು ಹಿತ್ತಲ ಮೂಲೆಯಲ್ಲಿದ್ದೇನೆ. ಆಗೊಮ್ಮೆ ಈಗೊಮ್ಮೆ ಗೊಬ್ಬರ ಎಳೆಯುತ್ತೇನೆ, ಉಳಿದಂತೆ ತುಕ್ಕು ಹಿಡಿಯುತ್ತಿದ್ದೇನೆ. ಅಗೆಯುವ ಆಸೆ ಹೋಯಿತಾ ಅಂದರೆ, ಇಲ್ಲ ಸ್ವಾಮಿ, ಹೋಗಿಲ್ಲ. ಆದರೆ ಆ ಗಳಿಗೆ ನೆನೆದರೆ ಮನಸ್ಸು ತುಂಬಿ ಬರುತ್ತದೆ. ಬಾಳೆಲ್ಲ ನನ್ನನ್ನೇ ನಂಬಿದ್ದವನು, ಸೊಸೆಯ ನೆಲಕ್ಕಾಗಿ ನನ್ನನ್ನೇ ಬಚ್ಚಿಟ್ಟ. ನಾನೂ ಅಷ್ಟೇ, ಉಸಿರು ಬಿಗಿಹಿಡಿದು, ಇಲ್ಲವೇ ಇಲ್ಲ ಎಂಬಂತೆ ನಿಂತಿದ್ದೆ.