ಮೂರನೆಯ ರೆಸಿಸ್ಟರ್

"ಇದೂ ಸುಟ್ಟೈತಲ್ಲೋ ಕಲ್ಲೇಶ," ಎಂದ ಮೆಕ್ಯಾನಿಕ್ ಚಂದ್ರಾಮ, ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದ್ದ ತಲೆಯನ್ನು ಹೊರಗೆ ತೆಗೆಯದೆಯೇ.

ಸನತ್‌ನಗರದ ಆ ತಗಡಿನ ಶೆಡ್ಡಿನಲ್ಲಿ ಕಲ್ಲೇಶ ಗಡಿಯಾರ ನೋಡಿಕೊಂಡ. ರೆಸಿಸ್ಟರ್ ಅಂದರೆ ಏನು ಮಹಾ, ಬೆರಳುದ್ದದ ಸುರುಳಿ ತಂತಿ. ಆದರೆ ಆ ಹಾಳಾದ್ದು ಸುಟ್ಟರೆ ಏಸಿಯ ಗಾಳಿ ಒಂದು, ಎರಡು, ಮೂರರಲ್ಲಿ ಬರುವುದೇ ಇಲ್ಲ; ನಾಲ್ಕಕ್ಕೆ ತಿರುಗಿಸಿದರೆ ಮಾತ್ರ ಭೋರೆಂದು ಹೊಡೆಯುತ್ತದೆ. ಆ ಸದ್ದಿಗೆ ಫೋನಿನಲ್ಲಿ ಮಾತಾಡಲಾಗಲಿಲ್ಲವೆಂದು ಗಾಡಿ ಬಾಡಿಗೆಗೆ ಓಡುತ್ತಿದ್ದ ಹೈಟೆಕ್ ಸಿಟಿಯ ಕಂಪನಿಯ ಮೇಡಂ ಒಬ್ಬರು ದೂರು ಕೊಟ್ಟಿದ್ದರು. ಏಸಿ ಬಂದ್ ಮಾಡಿದ್ದಕ್ಕೆ ಬೆವರೆಂದು ಇನ್ನೊಬ್ಬರು ಕೊಟ್ಟರು. ಮೂರು ದೂರಾದರೆ ಗಾಡಿ ಡ್ಯೂಟಿಯಿಂದ ಔಟ್. ಮೂರನೆಯದು ಈ ದಿನ ಬೆಳಿಗ್ಗೆಯೇ ಬಿದ್ದಿತ್ತು. ಕೈಕಾಲು ಹಿಡಿದ ಮೇಲೆ ಸೂಪರ್‌ವೈಸರ್, ಸಂಜೆ ನಾಲ್ಕು ಗಂಟೆಯೊಳಗೆ ರಿಪೇರಿ ಮಾಡಿಸಿ ತಂದು ತೋರಿಸು ಎಂದಿದ್ದ.

"ಎರಡು ತಿಂಗಳಿಗೆ ಮೂರು ಸುಡ್ತಾವಂದ್ರ ತಪ್ಪು ಇದರದ್ದಲ್ಲಪಾ. ಮೋಟಾರಿಗಿ ಏನೋ ಅಡ್ಡ ಬಂದೈತಿ," ಎನ್ನುತ್ತ ಚಂದ್ರಾಮ ಗಾಳಿ ಊದುವ ಬ್ಲೋವರನ್ನೇ ಬಿಚ್ಚಿ ಕೆಳಗಿಳಿಸಿದ.

ಫ್ಯಾನಿನ ತುಂಬ ಒಣಗಿದ ಚೆಂಡುಹೂವಿನ ಎಸಳು. ನಡುನಡುವೆ ಕುಂಕುಮದ ಹೆಂಟೆ, ಪತ್ರಿ, ಕರಗಿ ಅಂಟಿದ ಕರ್ಪೂರ.

"ಇದು ಗಾಡಿ ಐತೋ, ಗುಡಿ ಐತೋ?" ಚಂದ್ರಾಮ ನಕ್ಕ.

ಕಲ್ಲೇಶ ನಗಲಿಲ್ಲ. ಹೆಂಡತಿ ಶಿವಗಂಗಾ ದಿನಾ ನಸುಕಿನಲ್ಲಿ ಎದ್ದು ಗಾಡಿಗೆ ಪೂಜೆ ಮಾಡುತ್ತಿದ್ದಳು. ಗಂಡ ಗಾಡಿ ಹೊರಗೆ ತೆಗೆಯುವ ಮೊದಲೇ ಮುಂದಿನ ಗಾಜಿನ ಬುಡದ ಸಂದಿಯಲ್ಲಿ ಹೂ ಒಟ್ಟುತ್ತಿದ್ದಳು. ಹೊರಗಿನ ಗಾಳಿ ಒಳಗೆ ಹೋಗುವ ಜಾಲರಿ ಇರುವುದು ಅಲ್ಲೇ. ರಸ್ತೆಯ ಗಾಳಿಗೆ ಹಾರಿ ಹೋಗುತ್ತವೆ ಅಂತ ಅವನೂ ಸುಮ್ಮನಿದ್ದ. ಎರಡು ಬಸಿರು ನಿಲ್ಲದೆ ಹೋದ ಮೇಲೆ, "ನನ್ನ ಕೈ ಚಲೋ ಇಲ್ಲ, ಮುಟ್ಟಿದ್ದೆಲ್ಲಾ ಕೆಡತೈತಿ," ಎಂದು ಅನ್ನ ಬಿಟ್ಟು ಮಲಗಿದ್ದವಳು ಅವಳು. ಈಗ ಮತ್ತೆ ಐದು ತಿಂಗಳು. ಈ ಪೂಜೆ ಹಿಡಿದ ಮೇಲೆಯೇ ನಾಲ್ಕು ತುತ್ತು ಉಣ್ಣುತ್ತಿದ್ದಳು.

ಎಲ್ಲ ಕೆರೆದು, ಹೊಸ ರೆಸಿಸ್ಟರ್ ಕೂರಿಸಿದಾಗ ಮೂರೂವರೆ. ಒಂದು, ಎರಡು, ಮೂರು, ನಾಲ್ಕು. ಹೇಳಿದಂತೆ ಕೇಳಿತು ಗಾಳಿ. ಕಲ್ಲೇಶ ಸಿಗ್ನಲ್ಲುಗಳನ್ನು ಬೈಯುತ್ತ ಹೈಟೆಕ್ ಸಿಟಿಗೆ ಓಡಿಸಿದ. ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಕಂಪನಿಯ ಗೇಟಿನ ಹೊರಗೆ ಡ್ಯೂಟಿಗೆ ಕಾದು ನಿಂತ ಗಾಡಿಗಳದೇ ದೊಡ್ಡ ಸಾಲು.

"ಇಂಕೋ ಬಂಡಿ ಪೆಟ್ಟಿನಂ ಕಲ್ಲೇಶ್," ಎಂದ ಸೂಪರ್‌ವೈಸರ್ ರಿಜಿಸ್ಟರಿನಿಂದ ಕಣ್ಣೆತ್ತದೆ. ಕಲ್ಲೇಶನ ಜಾಗಕ್ಕೆ ಬೇರೆ ಗಾಡಿ ಮಧ್ಯಾಹ್ನವೇ ಬಂದಾಗಿತ್ತು.

"ಏಸಿ ಒಮ್ಮೆ ದೇಖೋ ಸಾಬ್. ಬರೀ ಒಮ್ಮೆ."

ಅವನು ನೋಡಲಿಲ್ಲ.

ಹೊತ್ತು ಮುಳುಗುವ ಮೊದಲೇ ಗಾಡಿ ಓಣಿಗೆ ಬಂದದ್ದು ಕಂಡು ಶಿವಗಂಗಾ ಬಾಗಿಲಿಗೆ ಬಂದಳು. ಕೇಳುವ ಮೊದಲೇ ಅವಳ ಮುಖ ಬಾಡಿತ್ತು.

"ತಗದ್ರು," ಎಂದ ಅವನು.

ಅವಳು ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದಳು. "ಒಂದಿನಾನೂ ತಪ್ಪಿಸಿಲ್ರಿ ನಾ. ಜ್ವರ ಬಂದಾಗೂ ಎದ್ದು ಮಾಡೀನಿ. ಎಲ್ಲಿ ಕಮ್ಮಿ ಆತು?"

ದಿನವಿಡೀ ನುಂಗಿಕೊಂಡ ಸಿಟ್ಟೆಲ್ಲ ಕಲ್ಲೇಶನ ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟರೆ ಎದೆ ಹಗುರಾಗುತ್ತಿತ್ತು. ಅವಳು ತನ್ನ ಎರಡೂ ಅಂಗೈ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದಳು.

"ನಿನ್ನ ಪೂಜಿಯಾಗ ಏನೂ ಕಮ್ಮಿ ಇರಲಿಲ್ಲ," ಎಂದ.

"ಖರೇನ?"

"ಖರೇನ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಒಳಗಿನಿಂದ ನಾಳೆಗೆಂದು ತಂದಿಟ್ಟಿದ್ದ ಹೂವಿನ ಪುಟ್ಟಿಯನ್ನೇ ತಂದು, ಇನ್ನೂ ಬಿಸಿಯಿದ್ದ ಬಾನೆಟ್ಟಿನ ಮುಂದೆ ನಿಂತು, ಗಾಜಿನ ಬುಡಕ್ಕೆ ಒಂದೊಂದೇ ಹೂವನ್ನು ಒತ್ತಿ ಒತ್ತಿ ಇಡತೊಡಗಿದಳು. ಅವಳ ಕೈ ನಿಲುಕದ ಆ ಕಡೆಯ ಮೂಲೆಗೆ ಕಲ್ಲೇಶನೇ ಪುಟ್ಟಿಯಿಂದ ಒಂದು ಹೂ ತೆಗೆದು ಇಟ್ಟ.